ಹಿಡಿಯುವ ಹಗ್ಗ, ಕಟ್ಟುವ ಬಾರು

ಹತ್ತನೇ ತಿಂಗಳು, ೨೯

ಯಜಮಾನರು ಇವತ್ತು ಮತ್ತೆ ಹೋಗಿಬಿಟ್ಟಿದ್ದರು. ನಾನು ಬೆರಣಿ ಹೊತ್ತು ಒಳಗೆ ಬರುವಷ್ಟರಲ್ಲಿ ಮಂಚ ಬರಿದು. ಬಾಗಿಲ ಬಳಿ ನೇತುಹಾಕಿದ್ದ ಕಡಿವಾಣವೂ ಇರಲಿಲ್ಲ. ತಮ್ಮ ಕಂದು ಕುದುರೆಯನ್ನು ಹಿಡಿದು ತರಲು ಹೋಗಿದ್ದಾರೆಂದು ಆಗಲೇ ಅಂದುಕೊಂಡೆ. ಆ ಕುದುರೆ ತೋಳದ ಬಾಯಿಗೆ ಬಿದ್ದು ಎಷ್ಟೋ ಚಳಿಗಾಲ ಕಳೆದಿವೆ.

ಮೈದುನ ದೋರ್ಲಿಗ್ ಹೊಳೆಯಾಚೆ ಅವರನ್ನು ಕಂಡು ಮೋಟಾರ್‌ಸೈಕಲ್ ಮೇಲೆ ಕೂರಿಸಿಕೊಂಡು ಬಂದ. ಬೂಟು ಹಾಕಿರಲಿಲ್ಲ, ಕಂಬಳಿಯ ಕಾಲುಚೀಲ ಮಾತ್ರ. ಎಡಗಾಲಿನ ಕಿರುಬೆರಳು ಮೇಣದ ಹಾಗೆ ಬಿಳಿಚಿಕೊಂಡಿತ್ತು. ಅದನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ಕೂತೆ.

“ಅತ್ತಿಗೆ, ಅಣ್ಣ ನನ್ನನ್ನೇ ಹಿಡಿದ್ರು,” ಎಂದ ದೋರ್ಲಿಗ್. “ಕಿವಿ ಹಿಡ್ಕೊಂಡು ಬಾಯಿ ಬಿಡಿಸಿ ಹಲ್ಲು ನೋಡಿದ್ರು. ಪರವಾಗಿಲ್ಲ, ಇನ್ನೂ ಹರೇದ್ದು, ಓಡುತ್ತೆ ಅಂದ್ರು.”

ಹಿಂದೆಯೇ ಬಂದಿದ್ದ ಅವನ ಹೆಂಡತಿ ಪಾಗ್ಮಾ ಬಾಗಿಲಲ್ಲೇ ನಿಂತು, “ನಿಮ್ಮ ಬಾಯಲ್ಲಿ ಹಲ್ಲೆಲ್ಲಿತ್ತು ಅಂತ ನೋಡಿದ್ರೋ,” ಎಂದಳು. “ಗೊನ್ಚಿಗ್ ಭಾವ ಕುದುರೆ ವಿಷಯದಲ್ಲಿ ಯಾವತ್ತೂ ತಪ್ಪಿದೋರಲ್ಲ. ಇವತ್ತು ತಪ್ಪಿದ್ರು.”

ಎಲ್ಲರೂ ನಕ್ಕೆವು. ಯಜಮಾನರೂ ನಕ್ಕರು. ಯಾಕೆ ನಗುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ.

ಪೇಟೆಯ ಡಾಕ್ಟರಮ್ಮ ಬೇಸಿಗೆಯಲ್ಲೇ ಹೇಳಿದ್ದಳು, ಮಿದುಳು ಬತ್ತುತ್ತಿದೆ, ಇದಕ್ಕೆ ಮದ್ದಿಲ್ಲ, ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದು. ಹೇಳುವುದು ಸುಲಭ. ನಮಗೆ ಮಕ್ಕಳಾಗಲಿಲ್ಲ. ಇರುವುದು ನಾನು, ಇವರು, ಕುರಿ. ಇದಿನ್ನೂ ಚಳಿಯ ಮೊದಲು. ನಡುಚಳಿಗಾಲದಲ್ಲಿ ಹೊಳೆ ದಾಟಿದರೆ ಮೋಟಾರ್‌ಸೈಕಲ್ ಹೋಗುವಷ್ಟರಲ್ಲಿ ಮರಗಟ್ಟಿರುತ್ತಾರೆ.

ಬೆಣ್ಣೆ ದೀಪ ಹಚ್ಚಿ ತಾರಾದೇವಿಗೆ ಅಡ್ಡಬಿದ್ದೆ. ತಾಯಿ, ಇವರು ಹಿಮದಲ್ಲಿ ಒಂಟಿಯಾಗಿ ಸಾಯದ ಹಾಗೆ ನೋಡಿಕೋ. ಹುಲ್ಲು ಹಸಿರಾಗುವವರೆಗೆ ಜೀವ ಉಳಿಸಿಕೊಡು. ಆಮೇಲೆ ನಿನ್ನಿಷ್ಟ.

ಹನ್ನೊಂದನೇ ತಿಂಗಳು, ೬

ಒಂದು ಉಪಾಯ ಹೊಳೆದಿದೆ. ಯಜಮಾನರ ನಡುಪಟ್ಟಿಗೆ ಒಂದು ಚುಲ್ಬೂರ್, ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸುವ ಹಗ್ಗ, ಸಿಕ್ಕಿಸಿ ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡಿದ್ದೇನೆ. ನೀರಿಗೆ ಹೋದರೂ ಬೆರಣಿಗೆ ಹೋದರೂ ಇಬ್ಬರೂ ಜೊತೆಗೆ. ಅವರು ಮಂಚದಿಂದ ಎದ್ದರೆ ನನಗೂ ಎಚ್ಚರ.

ಮೊದಲು ಮನಸ್ಸು ಒಪ್ಪಲಿಲ್ಲ. ಗಂಡಸಿನ ನಡುಪಟ್ಟಿ ಎಂದರೆ ಅವನ ಮಾನ. ನೆಲದ ಮೇಲಿದ್ದರೆ ಅದನ್ನು ದಾಟುವುದೂ ಪಾಪ. ಅದಕ್ಕೆ ಕುದುರೆಯ ಹಗ್ಗವೇ ಎಂದು ಕೈ ಹಿಂದೆಗೆಯಿತು. ಆಮೇಲೆ ಅವರದೇ ಮಾತು ನೆನಪಾಯಿತು. ಲಗಾಮು ಕುದುರೆಯ ಬಾಯನ್ನು ಆಳುತ್ತದೆ. ಚುಲ್ಬೂರ್ ಆಳುವುದಿಲ್ಲ, ಕಟ್ಟುವುದೂ ಇಲ್ಲ. ಅದು ಹಿಡಿಯುವ ಹಗ್ಗ. ಅದರ ಇನ್ನೊಂದು ತುದಿ ಯಾವಾಗಲೂ ಮನುಷ್ಯನ ಕೈಯಲ್ಲೇ ಇರಬೇಕು. ಜೀನಿನಿಂದ ಬಿದ್ದ ಸವಾರ ಕೂಡ ಅದನ್ನು ಬಿಡುವುದಿಲ್ಲ, ಬಿಟ್ಟರೆ ಬಯಲಲ್ಲಿ ಇಬ್ಬರೂ ಹಾಳು.

ಈ ಕಣಿವೆಯ ಬಾರುಗಳಲ್ಲಿ ಅರ್ಧಕ್ಕರ್ಧ ಯಜಮಾನರ ಕೈಯವೇ. ತೊಗಲು ನೆನೆಸುವುದು, ಸೀಳುವುದು, ಕೊಬ್ಬು ಉಜ್ಜಿ ತಿಕ್ಕಿ ಹದ ಮಾಡುವುದು ಎಲ್ಲ ಅವರಿಗೆ ಪೂಜೆಯ ಹಾಗೆ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ, “ಆ ಹಗ್ಗ ಈ ಕಡೆ ಕೊಡಿ” ಎಂದಿದ್ದೆ. “ಯಾವ ಹಗ್ಗ? ಒಂದೊಂದಕ್ಕೂ ಹೆಸರಿಲ್ವಾ? ನಿನ್ನನ್ನ ಯಾರಾದ್ರೂ ಬರೀ ಹೆಂಗಸೇ ಅಂತ ಕರೆದ್ರೆ ತಿರುಗ್ತೀಯಾ?” ಎಂದಿದ್ದರು. ಆವತ್ತಿನಿಂದ ಹೆಸರು ತಪ್ಪಿಲ್ಲ. ಈಗ ಅವರಿಗೇ ಎಲ್ಲವೂ “ಅದು”. ಕಡಿವಾಣವೂ ಅದು, ಚಮಚವೂ ಅದು.

ಕುದುರೆಯ ಬೆವರು ತಾಗದ ಹೊಸ ಹಗ್ಗವನ್ನೇ ಆರಿಸಿ ಧೂಪದ ಹೊಗೆ ಹಿಡಿದಿದ್ದೇನೆ.

ಬಾವಿಯ ಹತ್ತಿರ ನಿಂತಿದ್ದಾಗ ಹಗ್ಗವನ್ನು ನೋಡಿ, “ಯಾರನ್ನ ಯಾರು ಕರ್ಕೊಂಡು ಹೋಗ್ತಿರೋದು?” ಎಂದು ಕೇಳಿದರು.

“ನೀವೇ ನನ್ನ ಕರ್ಕೊಂಡು ಹೋಗ್ತಿದೀರಿ,” ಎಂದೆ. ಸಂತೋಷಪಟ್ಟರು.

ಹನ್ನೊಂದನೇ ತಿಂಗಳು, ೨೧

ಹಿಮ ಬಿದ್ದು ಮೇಲೆ ಗಟ್ಟಿಯಾಗಿದೆ. ಕುರಿಗಳ ಗೊರಸಿಗೆ ಒಡೆಯುವುದಿಲ್ಲ. ನಾನೇ ಮುಂದೆ ಹೋಗಿ ಸನಿಕೆಯಿಂದ ಒಡೆದು ಹುಲ್ಲು ತೋರಿಸಬೇಕು. ಒಂದು ಕೈಯಲ್ಲಿ ಯಜಮಾನರನ್ನು ಹಿಡಿದು ಇನ್ನೊಂದು ಕೈಯಲ್ಲಿ ಸನಿಕೆ ಆಡುವುದಿಲ್ಲ. ಆ ಗಾಳಿಯಲ್ಲಿ ಅವರನ್ನು ನಿಲ್ಲಿಸುವ ಹಾಗೂ ಇಲ್ಲ.

ಅದಕ್ಕೆ ಮೊನ್ನೆಯಿಂದ ಅರ್ಗಮ್ಜ್ ಮಾಡಿದ್ದೆ. ಉದ್ದ ಹಗ್ಗ, ಒಂದು ತುದಿ ಅವರ ನಡುಪಟ್ಟಿಗೆ, ಇನ್ನೊಂದು ಮಂಚದ ಕಾಲಿಗೆ. ಅರ್ಗಮ್ಜ್‌ನ ತುದಿಯಲ್ಲಿ ಮನುಷ್ಯ ಇರುವುದಿಲ್ಲ, ಗೂಟ ಇರುತ್ತದೆ, ಅಷ್ಟೇ ವ್ಯತ್ಯಾಸ. ಆದರೂ ಅದು ಸೆರೆಯಲ್ಲ. ಒಳ್ಳೆಯ ಹುಲ್ಲು ಕಂಡಲ್ಲಿ ಗೂಟ ಹೊಡೆದು, ಹಗ್ಗ ಹೋಗುವಷ್ಟು ದೂರ ಕುದುರೆ ಸುತ್ತಾಡಿ ಮೇಯಲಿ ಎಂದು ಪ್ರೀತಿಯಿಂದ ಹಾಕುವುದು. ಮೆಚ್ಚಿನ ಕುದುರೆಗೇ ಹಾಕುತ್ತಾರೆ.

ಆದರೆ ಬಯಲಲ್ಲಿ ಗೂಟದ ಸುತ್ತ ಹುಲ್ಲಿರುತ್ತದೆ, ನಮ್ಮ ಗೆರ್ ಗುಡಾರದೊಳಗೆ ನಡುವೆ ಒಲೆ ಇದೆ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಇವತ್ತು ಸುತ್ತಿ ಸುತ್ತಿ ಹಗ್ಗ ಒಲೆಯ ಕಾಲಿಗೆ ಸಿಕ್ಕಿ, ಎಳೆದು, ಕುದಿಯುವ ಚಹಾದ ಹಂಡೆ ಎಡಗೈ ಮೇಲೆ ಬಿದ್ದಿದೆ. ನಾನು ಬಂದಾಗ ಕೂಗುತ್ತಲೂ ಇರಲಿಲ್ಲ. ಕೈಯನ್ನು ದೂರ ಹಿಡಿದು ಅದು ಬೇರೆಯವರದ್ದೆಂಬಂತೆ ನೋಡುತ್ತಿದ್ದರು. ಬೊಬ್ಬೆ ಒಡೆದು ತೊಗಲು ಕೈಚೀಲದ ಹಾಗೆ ಜಾರಿತ್ತು. ಕುರಿಯ ಬಾಲದ ಕೊಬ್ಬು ಕರಗಿಸಿ ಹಚ್ಚಿದೆ.

ತಾಯಿ ತಾರಾ, ನನಗೆ ಬುದ್ಧಿ ಕೊಡು.

ಹನ್ನೆರಡನೇ ತಿಂಗಳು, ೪

ಹಗ್ಗ ಬೇಡವೇ ಬೇಡ ಎಂದು ತೆಗೆದುಹಾಕಿದೆ. ಈಗ ತುಷಾ. ಮುಂದಿನ ಎರಡು ಕಾಲಿನ ನಡುವೆ ಹಾಕುವ ಗಿಡ್ಡ ಬಾರು. ಗೂಟ ಇಲ್ಲ, ಸುತ್ತಿಕೊಳ್ಳಲು ಉದ್ದ ಇಲ್ಲ. ಕುದುರೆ ಎಲ್ಲಿಗೆ ಬೇಕಾದರೂ ಹೋಗಬಹುದು, ಸಣ್ಣ ಸಣ್ಣ ಹೆಜ್ಜೆಯಲ್ಲಿ. ಗುಡ್ಡ ಹತ್ತಲಾರದು, ಅಷ್ಟೇ. ಹಾಗೆ ನೋಡಿದರೆ ಅರ್ಗಮ್ಜ್‌ಗಿಂತ ತುಷಾದಲ್ಲೇ ಕರುಣೆ ಹೆಚ್ಚು.

ಹಾಕುವಾಗ ಒಂದು ಸಂಗತಿ ನಡೆಯಿತು, ಬರೆಯದೆ ಇರಲಾರೆ. ನಾನು ಅವರ ಕಾಲ ಬಳಿ ಕೂತು ಬಾರಿನ ಎಲುಬಿನ ಗುಂಡಿಯನ್ನು ಕುಣಿಕೆಗೆ ತೂರಿಸುತ್ತಿದ್ದೆ. ಮೇಲಿಂದ ಅವರ ಧ್ವನಿ ಬಂತು, ಹಳೆಯ ಧ್ವನಿ, ಹುಡುಗರಿಗೆ ಕುದುರೆ ಕಲಿಸುತ್ತಿದ್ದಾಗಿನ ಧ್ವನಿ.

“ಬಿಗಿ ಆಯ್ತು.”

“ಏನು?”

“ಬಾರು ಬಿಗಿ ಆಯ್ತು ಕಣೆ. ತೊಗಲು ತಿನ್ನುತ್ತೆ. ಒಳಗೆ ಎರಡು ಬೆರಳು ಹೋಗ್ಬೇಕು. ತೆಗಿ, ಮತ್ತೆ ಹಾಕು.”

ತೆಗೆದು ಮತ್ತೆ ಹಾಕಿದೆ. ಬಗ್ಗಿ ತಾವೇ ಎರಡು ಬೆರಳು ತೂರಿಸಿ ನೋಡಿದರು. “ಹ್ಞಾಂ,” ಎಂದರು. “ಇದು ಯಾರ ಕುದುರೆ?”

“ನಮ್ಮದೇ.”

“ಒಳ್ಳೆ ಕುದುರೆ. ಒದೆಯೋದಿಲ್ಲ.”

ಇಷ್ಟು ದಿನದ ಮೇಲೆ ಇಷ್ಟು ಮಾತಾಡಿದರಲ್ಲ ಎಂದು ನನಗೆ ಕಣ್ಣು ತುಂಬಿತು. ತಾರಾದೇವಿಗೆ ಎರಡು ದೀಪ ಹಚ್ಚಿದೆ.

ಹನ್ನೆರಡನೇ ತಿಂಗಳು, ೨೩

ನಿನ್ನೆಯಿಂದ ಒಂಬತ್ತುಗಳು ಶುರು. ಒಂಬತ್ತು ದಿನಕ್ಕೊಂದರಂತೆ ಒಂಬತ್ತು ಒಂಬತ್ತು ಕಳೆದರೆ ಚಳಿ ಮುಗಿದಂತೆ. ಮೊದಲನೆಯದರಲ್ಲೇ ಹಾಲಿನ ಸಾರಾಯಿ ಹೆಪ್ಪುಗಟ್ಟಿದೆ.

ದೋರ್ಲಿಗ್ ಮತ್ತು ಪಾಗ್ಮಾ ಬಂದಿದ್ದರು. ದೋರ್ಲಿಗ್ ಟೋಪಿಯನ್ನೂ ತೆಗೆಯಲಿಲ್ಲ, ಕಣ್ಣು ನೇರ ಅಣ್ಣನ ಕಾಲಿಗೆ ಹೋಯಿತು.

“ಇದೇನತ್ತಿಗೆ?”

“ತುಷಾ.”

“ಅದು ನನಗೂ ಗೊತ್ತಾಗುತ್ತೆ. ಯಾರ ಕಾಲಲ್ಲಿದೆ ಅಂತ ಕೇಳಿದ್ದು.”

“ನಿಮ್ಮಣ್ಣನ ಕಾಲಲ್ಲಿ. ಉದ್ದ ಹಗ್ಗ ಹಾಕಿದಾಗ ಕೈ ಸುಟ್ಕೊಂಡ್ರು. ಇದರಲ್ಲಿ ಆರಾಮಾಗಿ ಓಡಾಡ್ತಾರೆ.”

“ಈ ಕಣಿವೇಲಿ ಗೊನ್ಚಿಗ್ ಪಳಗಿಸದ ಕುದುರೆ ಇಲ್ಲ. ಅಂಥವರ ಕಾಲಿಗೆ ಇದನ್ನ ಹಾಕಿದೀರಲ್ಲ, ಜನ ಏನಂದಾರು?”

“ಜನ ಬಂದು ಒಂದು ದಿನ ಇವರ ಪಕ್ಕ ಕೂತ್ಕೊಳ್ಳಲಿ. ಆಮೇಲೆ ಅನ್ನಲಿ.”

“ನಾನು ಹಂಗಲ್ಲ ಹೇಳಿದ್ದು.”

“ಹೆಂಗೇ ಹೇಳು. ನೀನೇ ಕರ್ಕೊಂಡೋಗು ಹಂಗಾದ್ರೆ. ಚಳಿ ಮುಗಿಯೋ ತನಕ ನಿನ್ನ ಮನೇಲಿಟ್ಕೋ.”

ದೋರ್ಲಿಗ್ ಹೆಂಡತಿಯ ಮುಖ ನೋಡಿದ. ಪಾಗ್ಮಾ ತೋಳಿನ ಅಂಚಿನ ನೂಲು ಕೀಳುತ್ತ, “ನಮ್ದು ಕುರಿ ಜಾಸ್ತಿ ಅಕ್ಕ,” ಎಂದಳು. “ಇವರೂ ಹೋಗ್ಬೇಕು, ನಾನೂ ಹೋಗ್ಬೇಕು. ಮನೇಲಿ ಯಾರಿರ್ತಾರೆ?”

“ನನ್ನ ಮನೇಲಿ ಯಾರಿರ್ತಾರೆ?”

ಯಜಮಾನರು ಕಾಲನ್ನು ಮುಂದೆ ಚಾಚಿ ತಮ್ಮನಿಗೆ ಬಾರು ತೋರಿಸಿದರು. “ನೋಡು, ಎಷ್ಟು ಚಂದದ ಕೆಲಸ. ಯಾರು ಮಾಡಿದ್ದೋ.”

“ನೀನೇ ಅಣ್ಣ,” ಎಂದ ದೋರ್ಲಿಗ್. ಚಹಾ ಕುಡಿಯದೆ ಎದ್ದು ಹೋದ. ಬಟ್ಟಲಲ್ಲಿ ಬಿಟ್ಟ ಚಹಾ ನಾಯಿಗೆ ಹಾಕಿದೆ. ಮರ್ಯಾದೆ ತಿಳಿಯದ ಹುಡುಗನಾಗಿಯೇ ಉಳಿದ.

ಮೊದಲನೇ ತಿಂಗಳು, ೫. ಎರಡನೇ ಒಂಬತ್ತು

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಎರಡು ಬೆರಳು ಹೋಗುವ ಹಾಗೆ ಸಡಿಲ ಬಿಟ್ಟದ್ದೇ ತಪ್ಪಾಯಿತು. ಗುಂಡಿ ಮಾಡಿದ ಕೈಗೆ ಗುಂಡಿ ಬಿಚ್ಚುವುದು ಮರೆಯುತ್ತದೆಯೇ? ನಾನು ಕುರಿ ಹೊಡೆದುಕೊಂಡು ದಿಣ್ಣೆಯ ಹಿಂದೆ ಹೋದದ್ದೇ ಇವರು ಎದ್ದಿದ್ದಾರೆ. ಮಧ್ಯಾಹ್ನ ನಾನು ಬಂದಾಗ ಬಾಗಿಲು ಬಡಿದುಕೊಳ್ಳುತ್ತಿತ್ತು, ಒಲೆ ತಣ್ಣಗಾಗಿತ್ತು. ಗಾಳಿ ಹೆಜ್ಜೆಯನ್ನೆಲ್ಲ ಒರೆಸಿಬಿಟ್ಟಿತ್ತು. ಗುಡ್ಡದ ಮೇಲೆ ನಿಂತು ಕೂಗಿದೆ. ಮಂತ್ರ ಹೇಳುತ್ತಾ ಓಡಿದೆ, ಮಂತ್ರವೂ ಮರೆಯಿತು.

ಬೆಳಕು ಇಳಿಯುವ ಹೊತ್ತಿಗೆ, ನನ್ನ ಕೂಗು ಕೇಳಿ ಹುಡುಕಲು ಬಂದಿದ್ದ ದೋರ್ಲಿಗ್‌ಗೆ ಸಿಕ್ಕರು. ಬಂಡೆಯ ಮರೆಯಲ್ಲಿ ಕಾಲು ಮಡಚಿ ಕೂತಿದ್ದರಂತೆ. ತುಷಾವನ್ನು ನೀಟಾಗಿ ಸುತ್ತಿ ನಡುಪಟ್ಟಿಗೆ ತೂಗಿಸಿಕೊಂಡಿದ್ದರು, ಸವಾರ ಕುದುರೆ ಏರುವ ಮುಂಚೆ ಬಾರು ಬಿಚ್ಚಿ ಜೀನಿಗೆ ಕಟ್ಟಿಕೊಳ್ಳುತ್ತಾನಲ್ಲ ಹಾಗೆ. ಒಂದು ಕಿವಿ ಕಪ್ಪಾಗಿದೆ. ಅದು ಉದುರುತ್ತದೆ, ನನಗೆ ಗೊತ್ತು.

ದೋರ್ಲಿಗ್ ಅಣ್ಣನನ್ನು ತನ್ನ ತೊಗಲಿನ ಅಂಗಿಯೊಳಗೆ ಸೇರಿಸಿಕೊಂಡು ತಂದು ಮಲಗಿಸಿದ. ತಾನು ಒಲೆಯ ಮುಂದೆ ಕೂತು ಅತ್ತ. ಆಮೇಲೆ ನನ್ನ ಮುಖ ನೋಡದೆ ಹೇಳಿದ:

“ಅತ್ತಿಗೆ, ಗುಂಡಿ ಬಿಚ್ಚೋ ಕುದುರೆಗೆ ತುಷಾ ಆಗಲ್ಲ.”

ಅವನು ಹೋದ ಮೇಲೆ ಇವರ ಹತ್ತಿರ ಕೂತೆ. ಕಣ್ಣು ಬಿಟ್ಟು ಎದ್ದು ಕೂರಲು ನೋಡಿದರು. “ಮಲಕ್ಕೋ” ಎಂದು ಗದರಿಸಿದೆ. ಮಲಗಿದರು.

ಮೊದಲನೇ ತಿಂಗಳು, ೯. ಮೂರನೇ ಒಂಬತ್ತು

ಕಾಲು ಕಟ್ಟುವ ಬಾರುಗಳಲ್ಲಿ ಮೂರು ಬಗೆ. ತುಷಾ ಮುಂದಿನ ಎರಡಕ್ಕೆ. ಒರೋಲ್ ಒಂದೇ ಪಕ್ಕದ ಮುಂದಿನ ಕಾಲು ಹಿಂದಿನ ಕಾಲಿಗೆ. ಚೋದೋರ್ ಮೂರು ಕಾಲಿಗೆ. ಬೇರೆಯವರು ಎಲ್ಲವನ್ನೂ ಕಾಲುಕಟ್ಟು ಎಂದುಬಿಡುತ್ತಾರೆ. ತುಷಾದ ಕುದುರೆ ಕುಪ್ಪಳಿಸಿ ಹೋಗುತ್ತದೆ, ಒರೋಲ್‌ನದು ಓಲಾಡುತ್ತಾ ಹೋಗುತ್ತದೆ. ಚೋದೋರ್‌ನದು ಇದ್ದಲ್ಲೇ ಇರುತ್ತದೆ.

ಒರೋಲ್ ಮಾಡಿ ನೋಡಿದೆ, ಎಡಗೈ ಎಡಗಾಲು. ಬಲಗೈಯಿಂದ ಬಿಚ್ಚಿಕೊಂಡರು. ಹಾಗಾಗಿ ಚೋದೋರ್. ಎರಡು ಕಾಲು, ಬಲಗೈ. ಸುಟ್ಟ ಎಡಗೈಯ ಬೆರಳು ಗುಂಡಿ ಬಿಚ್ಚುವಷ್ಟು ಬಾಗುವುದಿಲ್ಲ. ಜಪಮಣಿ ಹಿಡಿಯಲು, ಬಟ್ಟಲು ಹಿಡಿಯಲು ಆ ಕೈ ಸಾಕು. ಕುದುರೆಗೂ ಮೂರನ್ನು ಕಟ್ಟಿ ಒಂದನ್ನು ಬಿಡುತ್ತೇವೆ. ಹಿರಿಯರು ಯೋಚನೆ ಮಾಡಿಯೇ ಮಾಡಿದ್ದಾರೆ, ಪೂರ್ತಿ ಕಟ್ಟುವ ಬಾರು ನಮ್ಮಲ್ಲಿಲ್ಲ.

ಸ್ವಲ್ಪ ಬಗ್ಗಿ ಕೂರಬೇಕಾಗುತ್ತದೆ. ವಯಸ್ಸಾದವರು ಹೇಗೂ ಬಗ್ಗಿಯೇ ಕೂರುತ್ತಾರೆ.

ಮೊದಲನೇ ತಿಂಗಳು, ೧೩

ದೋರ್ಲಿಗ್ ಬಂದು ಒಂದು ಪೊಟ್ಟಣ ಕೊಟ್ಟ. ಒಳಗೆ ಹೊಸ ಚೋದೋರ್. ತಾನೇ ತೊಗಲು ಸೀಳಿ ಮಾಡಿದ್ದಾನೆ. ಕುಣಿಕೆಗಳ ಒಳಮೈಗೆ ಬಿಳಿ ಕಂಬಳಿ ಹೊಲಿದಿದ್ದಾನೆ, ಚರ್ಮ ಉಜ್ಜದ ಹಾಗೆ. ಹೊಲಿಗೆ ಪಾಗ್ಮಾಳದು, ಅವಳ ಕೈ ನನಗೆ ಗೊತ್ತು.

“ಮೆತ್ತಗಿದೆ,” ಎಂದ. “ಅಣ್ಣನಷ್ಟು ಚೆನ್ನಾಗಿ ಬಂದಿಲ್ಲ.”

“ಚೆನ್ನಾಗೇ ಇದೆ ಬಿಡು.”

“ಲಾಮಾ ಹತ್ರ ಹೋಗಿದ್ದೆ. ಕೊರಳಿಗೆ ಕಟ್ಟೋಕೆ ಮಂತ್ರಿಸಿದ ದಾರ ಕೊಟ್ಟಿದಾರೆ.”

“ಬಾರಿನ ವಿಷಯ ಹೇಳಿದ್ಯಾ?”

“ಇಲ್ಲ.”

“ಯಾಕೆ?”

“ನೀವಾಗಿದ್ರೆ ಹೇಳ್ತಿದ್ರಾ?”

ಕೆಂಪು ದಾರವನ್ನು ಕೊರಳಿಗೆ ಕಟ್ಟಿದೆ. ಕಟ್ಟುವಾಗ ಅದರೊಳಗೂ ಎರಡು ಬೆರಳು ತೂರಿಸಿ ನೋಡಿದೆ, ಅಭ್ಯಾಸಬಲ.

ಮೊದಲನೇ ತಿಂಗಳು, ೧೯. ನಾಲ್ಕನೇ ಒಂಬತ್ತು

ವಿಪರೀತ ಚಳಿ. ಎತ್ತಿನ ಕೊಂಬು ಹೆಪ್ಪುಗಟ್ಟುವ ಒಂಬತ್ತು ಎನ್ನುವುದು ಸುಳ್ಳಲ್ಲ. ಬೆಳಿಗ್ಗೆ ದೊಡ್ಡಿಯಲ್ಲಿ ಕುರಿಗಳು ನಿಂತ ಹಾಗೆಯೇ ಸತ್ತಿದ್ದವು. ತಳ್ಳಿದರೆ ಬೀಳುತ್ತವೆ.

ಒಳಗೆ ಕ್ಷೇಮ.

ಮೊದಲನೇ ತಿಂಗಳು, ೨೨

ಕಟ್ಟಿದೆ. ನೀರು ಕುಡಿಸಿದೆ. ಕುರಿಗೆ ಹೋದೆ. ಬಂದೆ. ಬಿಚ್ಚಿ ಹೊರಗೆ ಕರೆದುಕೊಂಡು ಹೋಗಿ ಬಂದೆ. ಕಟ್ಟಿದೆ.

ಎರಡನೇ ತಿಂಗಳು, ೧. ಐದನೇ ಒಂಬತ್ತು

ಈಗ ಕೆಲಸ ಹಗುರ. ಬೆಳಿಗ್ಗೆ ನಾನು ಬಾರು ಎತ್ತಿಕೊಂಡದ್ದು ಕಂಡರೆ ಸಾಕು, ತಾನೇ ಪಾದ ಜೋಡಿಸುತ್ತಾನೆ. ಎರಡೂ ಕೈಯ ಮಣಿಕಟ್ಟು ಜೋಡಿಸಿ ಮುಂದೆ ಚಾಚುತ್ತಾನೆ. ಒಂದೇ ಕೈ ಸಾಕು ಎಂದು ಹೇಳಿದರೂ ಎರಡನ್ನೂ ಕೊಡುತ್ತಾನೆ. ಮೊದಲಿನ ಹಾಗೆ ಗೊಣಗುವುದಿಲ್ಲ, ಕಂದು ಕುದುರೆಯ ಮಾತೂ ಇಲ್ಲ. ಕಿವಿ ಉದುರಿದ ಜಾಗ ಒಣಗಿದೆ. ಪಾದದ ಗಂಟಿನ ಕೂದಲು ಉದುರಿ ನುಣ್ಣಗಾಗಿದೆ, ಹುಣ್ಣಿಲ್ಲ.

ಸತ್ತ ಕುರಿಗಳ ತೊಗಲು ಸುಲಿದು ಮುಗಿಯುತ್ತಿಲ್ಲ. ಜಪಕ್ಕೆ ಕೂತರೆ ನಿದ್ದೆ ಬರುತ್ತದೆ.

ಎರಡನೇ ತಿಂಗಳು, ೧೪. ಬಿಳಿ ತಿಂಗಳ ಮೊದಲ ದಿನ

ಹೊಸ ವರ್ಷ. ಬೆಳಗಾಗುವ ಮುಂಚೆ ಹಾಲು ಚಿಮುಕಿಸಿ ನಾಲ್ಕು ದಿಕ್ಕಿಗೂ ಕೈಮುಗಿದೆ. ಮಾಂಸ ತುಂಬಿದ ಬೂಜ್ ಕಡುಬು ಬೇಯಿಸಿ, ಹಬ್ಬದ ರೊಟ್ಟಿ ಪೇರಿಸಿ ಇಟ್ಟೆ. ಈ ವರ್ಷ ಮಾಂಸಕ್ಕೆ ಬರವಿಲ್ಲ.

ಅವನಿಗೆ ನೀಲಿ ರೇಷ್ಮೆ ನಿಲುವಂಗಿ ತೊಡಿಸಿ, ಹಳದಿ ನಡುಪಟ್ಟಿ ಬಿಗಿದು, ಕಿವಿ ಮುಚ್ಚುವ ಹಾಗೆ ಟೋಪಿ ಇಟ್ಟು, ದೇವರ ಪೆಟ್ಟಿಗೆಯ ಪಕ್ಕ ಹಿರಿಯರ ಜಾಗದಲ್ಲಿ ಕೂರಿಸಿದೆ. ಚೋದೋರ್ ಬಿಚ್ಚಿ ದಿಂಬಿನಡಿ ಹಾಕಿದೆ. ಹಬ್ಬದ ದಿನ, ಮನೆ ತುಂಬ ಜನ, ಎಲ್ಲಿಗೆ ಹೋದಾನು?

ಕಣಿವೆಯವರೆಲ್ಲ ಬಂದರು. ಕಿರಿಯರು ತಮ್ಮ ಕೈಗಳನ್ನು ಹಿರಿಯರ ತೋಳಿನ ಕೆಳಗೆ ಆಸರೆಯಾಗಿ ಹಿಡಿದು ಕೆನ್ನೆ ಮೂಸಿ ಹರಕೆ ಪಡೆಯಬೇಕಲ್ಲ. ಮೊದಲನೆಯವನು ಗೌರವದ ನೀಲಿ ವಸ್ತ್ರ ಹಿಡಿದು ಮುಂದೆ ಬಂದ ಕೂಡಲೇ, ಹಿರಿಯರ ಜಾಗದಲ್ಲಿದ್ದ ಅವನು ತಾನಾಗಿಯೇ ಎರಡೂ ಕೈ ಚಾಚಿದ. ಮಣಿಕಟ್ಟಿಗೆ ಮಣಿಕಟ್ಟು ಜೋಡಿಸಿ. ಬಂದವರೆಲ್ಲ ಅದರ ಕೆಳಗೆ ಕೈ ಕೊಟ್ಟು, “ಸುಖವಾಗಿದೀರಾ ಗೊನ್ಚಿಗ್ ಅಜ್ಜ?” ಎಂದರು. ಪ್ರತಿಯೊಬ್ಬರಿಗೂ ಚಾಚಿದ, ಬೇಸರವಿಲ್ಲದೆ. ಪಾದಗಳನ್ನೂ ಜೋಡಿಸಿಕೊಂಡೇ ಕೂತಿದ್ದ.

“ಎಲ್ಲ ಮರೆತರೂ ಸಂಪ್ರದಾಯ ಮರೆತಿಲ್ಲ ನೋಡಿ,” ಎಂದಳು ಹೊಳೆಯಾಚೆಯ ಮುದುಕಿ ಖಂದಾ. “ಎಷ್ಟು ಶಾಂತವಾಗಿದಾರೆ. ದೇವರ ಥರ. ನೀನು ಚೆನ್ನಾಗಿ ನೋಡ್ಕೊಂಡಿದೀಯ ಕಣಮ್ಮ.”

“ನಂದೇನಿದೆ, ತಾರಾದೇವಿಯ ದಯ,” ಎಂದೆ.

ದೋರ್ಲಿಗ್ ಎಲ್ಲರಿಗಿಂತ ಕೊನೆಗೆ ಬಂದ. ಅಣ್ಣ ಕೈ ಚಾಚಿದ. ದೋರ್ಲಿಗ್ ಆ ಕೈಗಳನ್ನೇ ನೋಡುತ್ತ ನಿಂತ, ಹಿಡಿಯಲಿಲ್ಲ. ವಸ್ತ್ರ ಅವನ ಕೈಯಿಂದ ಜಾರಿತು. “ಹಿಡ್ಕೊಳ್ರೋ, ಹಿರಿಯರು ಕಾಯ್ತಿದಾರೆ,” ಎಂದು ಯಾರೋ ನಕ್ಕರು. ಆಗ ಹಿಡಿದುಕೊಂಡ. ಹಿಡಿದು ಮೆಲ್ಲಗೆ ಎರಡು ಕೈಗಳನ್ನೂ ಬೇರೆ ಮಾಡಲು ನೋಡಿದ. ಅವು ಬೇರೆಯಾಗಲಿಲ್ಲ. ದೋರ್ಲಿಗ್ ಒಂದು ಬೂಜ್ ಕೂಡ ತಿನ್ನದೆ ಹೊರಗೆ ಹೋಗಿ ಮೋಟಾರ್‌ಸೈಕಲ್ ಹತ್ತಿರ ನಿಂತುಬಿಟ್ಟ.

ವರ್ಷದ ಮೊದಲ ದಿನವೇ ಮುಖ ಊದಿಸಿಕೊಂಡರೆ ವರ್ಷವೆಲ್ಲ ಹಾಗೆಯೇ ಎಂದು ಅವನಿಗೆ ಗೊತ್ತಿಲ್ಲವೇ? ಪಾಗ್ಮಾ ಅವನ ಪಾಲನ್ನು ಪೊಟ್ಟಣ ಕಟ್ಟಿಕೊಂಡು ಹೋದಳು.

ಮೂರನೇ ತಿಂಗಳು, ೧೧. ಒಂಬತ್ತನೇ ಒಂಬತ್ತು

ನಾಳೆಗೆ ಒಂಬತ್ತುಗಳು ಮುಗಿಯುತ್ತವೆ. ಹಿಮ ಕರಗಿ ದಾರಿ ಕಪ್ಪಾಗಿ, ಗುಡ್ಡದ ನೆತ್ತಿ ಕಪ್ಪಾಗಿ, ಈಗ ನೆಲ ಒದ್ದೆಯಾಗುತ್ತಿದೆ. ಉಳಿದ ಕುರಿಗಳು ಮರಿ ಹಾಕುತ್ತಿವೆ. ಎರಡು ಮರಿಗಳನ್ನು ಒಳಗೆ ತಂದು ಅವನ ಕಾಲ ಬಳಿ ಬಿಟ್ಟಿದ್ದೇನೆ.

ಇವತ್ತು ಅವಸರದಲ್ಲಿ ಕಟ್ಟುವುದನ್ನೇ ಮರೆತು ಹೋಗಿದ್ದೆ. ದಿಣ್ಣೆಯ ಮೇಲೆ ಹೋದಾಗ ನೆನಪಾಗಿ ಓಡಿ ಬಂದೆ. ಬಾಗಿಲೂ ತೆರೆದಿತ್ತು. ಬಿಸಿಲು ನೇರ ಅವನ ಮಂಡಿಯ ಮೇಲೆ ಬಿದ್ದಿತ್ತು. ಬಗ್ಗಿ, ಪಾದ ಜೋಡಿಸಿ, ಕಟ್ಟಿದ್ದಾಗ ಹೇಗೆ ಕೂರುತ್ತಾನೋ ಹಾಗೆಯೇ ಕೂತಿದ್ದ. ಒಂದು ಕುರಿಮರಿ ಅವನ ಬೆರಳು ಚೀಪುತ್ತಿತ್ತು, ಕೈ ಹಿಂದೆಗೆದಿರಲಿಲ್ಲ.

ಬುದ್ಧದೇವರು ದೊಡ್ಡವನು. ನಾಳೆಯಿಂದ ನಿಶ್ಚಿಂತೆಯಾಗಿ ಕುರಿಗೆ ಹೋಗಬಹುದು.

ಐದನೇ ತಿಂಗಳು, ೧೭

ಬುಗ್ಗೆಯ ಹತ್ತಿರ ಹುಲ್ಲು ಹಸಿರಾಗಿದೆ. ಬೆಳಿಗ್ಗೆ ಒಂದು ಎಸಳು ಕಿತ್ತು ತಂದು ದೇವರ ಮುಂದಿಟ್ಟೆ. ಕೇಳಿದ್ದು ಕೊಟ್ಟಳು ತಾಯಿ. ನನ್ನಂಥವಳ ಕೈಯಲ್ಲಿ ಒಂದು ಜೀವವನ್ನು ಚಳಿಗಾಲ ದಾಟಿಸಿದಳು.

ಮಧ್ಯಾಹ್ನ ದೋರ್ಲಿಗ್ ಒಂದು ಎರಡು ವರ್ಷದ ಕುದುರೆಮರಿಯನ್ನು ಎಳೆದುಕೊಂಡು ಬಂದ. ಪಳಗಿಸಬೇಕಂತೆ.

“ಆ ಮೆತ್ತನೆ ಚೋದೋರ್ ಈಗ ಬೇಕಾ ಅತ್ತಿಗೆ? ಇದರ ಕಾಲು ಎಳೇದು, ಗಡಸು ಬಾರು ಹಾಕೋಕೆ ಮನಸ್ಸಿಲ್ಲ.”

“ನನಗೆ ಬೇಡಪ್ಪ, ತಗೊಂಡೋಗು.”

ಹೊರಗೆ ನಿಂತು ನೋಡಿದೆ. ಮೊದಲು ಮುಂದಿನ ಎರಡು ಕಾಲು, ಆಮೇಲೆ ಹಿಂದಿನದೊಂದು. ಮರಿ ಒಂದು ಕ್ಷಣ ಏನಾಯಿತೆಂದು ತಿಳಿಯದೆ ನಿಂತಿತು. ಹೆಜ್ಜೆ ಎತ್ತಲು ನೋಡಿತು. ಬಿತ್ತು. ಎದ್ದು ಮತ್ತೆ ನೋಡಿತು, ಮತ್ತೆ ಮುಗ್ಗರಿಸಿ ಮೂತಿ ನೆಲಕ್ಕೆ ಬಡಿಯಿತು. ಕಣ್ಣಿನ ಬಿಳಿ ಕಾಣುತ್ತಿತ್ತು. ಕೆನೆಯುವುದಲ್ಲ ಅದು, ಕಿರುಚುವುದು.

“ಬಿಚ್ಚೋ,” ಎಂದೆ. “ಸಾಕು, ಬಿಚ್ಚು.”

“ಇದೇನತ್ತಿಗೆ, ಕುದುರೆ ಪಳಗಿಸೋದು ಹೊಸದಾಗಿ ನೋಡೋರ ಥರ? ಒದ್ದಾಡ್ಲಿ. ಒದ್ದಾಡದೆ ಸುಮ್ನೆ ನಿಂತ್ಕೊಳ್ಳೋ ಮರಿ ಯಾವ ಕೆಲಸಕ್ಕೂ ಬರಲ್ಲ ಅಂತ ಅಣ್ಣನೇ…” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ನಮ್ಮ ಗೆರ್‌ನ ಬಾಗಿಲಿನ ಕಡೆ ನೋಡಿ, ಮುಖ ತಿರುಗಿಸಿ, ಮರಿಯ ಕತ್ತು ತಟ್ಟತೊಡಗಿದ.

ಎಷ್ಟು ಕುದುರೆ ಪಳಗಿಸಿದ್ದು ನೋಡಿದ್ದೇನೆ. ಯಾವತ್ತೂ ಹೀಗಾಗಿರಲಿಲ್ಲ. ನಿಲ್ಲಲಾಗದೆ ಒಳಗೆ ಬಂದೆ.

ಅವನು ಹಾಗೆಯೇ ಕೂತಿದ್ದ. ನಾನು ಹತ್ತಿರ ಹೋದದ್ದೇ ಎರಡೂ ಕೈ ಚಾಚಿದ.

“ಬಾರು ಇಲ್ಲ,” ಎಂದೆ. “ಹೊರಗೆ ಮರಿಯ ಕಾಲಲ್ಲಿದೆ. ಕೇಳಿಸಲ್ವಾ?”

ಕೈಗಳನ್ನು ಬಿಡಿಸಿ ಒಂದೊಂದು ತೊಡೆಯ ಮೇಲೆ ಒಂದೊಂದು ಇಟ್ಟೆ. ನನ್ನ ಮುಖ ನೋಡಿದ. ಮತ್ತೆ ಜೋಡಿಸಿ ಚಾಚಿದ. ಮತ್ತೆ ಬಿಡಿಸಿ ಇಟ್ಟೆ. ಚಾಚಿದ. ತಪ್ಪು ಮಾಡಿದ ಮಗುವಿನ ಹಾಗೆ ತುಟಿ ನಡುಗಿತು. ಹೊರಗೆ ಮರಿ ಇನ್ನೂ ಬೀಳುತ್ತ ಏಳುತ್ತ ಇತ್ತು.

ಕೊನೆಗೆ ಆ ಎರಡು ಮಣಿಕಟ್ಟುಗಳನ್ನು ನನ್ನ ಕೈಯಲ್ಲೇ ಸುತ್ತಿ ಹಿಡಿದುಕೊಂಡೆ. ಆಗ ಸಮಾಧಾನವಾಯಿತು, ಕಣ್ಣು ಮುಚ್ಚಿದ. ದೋರ್ಲಿಗ್ ಹೊರಟು ಹೋದ ಸದ್ದು ಕೇಳಿತು, ಹಾಲು ಕರೆಯುವ ಹೊತ್ತಾಯಿತು, ಒಲೆ ಆರಿತು. ನನಗೆ ಕೈ ಬಿಡಲಾಗಲಿಲ್ಲ.